ಡ್ಯಾಶ್‌ಬೋರ್ಡಿಗೆ ಸ್ಕ್ರೀನ್ ಹಾಕಿಸೋ ಮುಂಚೆ ಒಂದು ಫ್ಯೂಸ್ ಹಾಕಿಸಿ

ಮೊದಲೇ ಹೇಳಿಬಿಡುತ್ತೇವೆ, ನಾವು ಗಾಡಿಯಲ್ಲಿ ಹಾಡು ಹಾಕುವವರ ವಿರೋಧಿಗಳಲ್ಲ. ನಮ್ಮ ಐದು ಜನರ ಪಾಲಿನಲ್ಲಿ ಒಂದು ಹಳೇ ಮಾರುತಿ ಓಮ್ನಿ ಇದೆ. ಅದರ ವೈಪರ್ ಕೆಟ್ಟಾಗ ಹದಿನೈದು ದಿನ ಹಾಗೇ ಓಡಿಸಿದ್ದೇವೆ. ಸ್ಟೀರಿಯೋ ಕೆಟ್ಟಾಗ ಮಾತ್ರ ಅದೇ ದಿನ ಪೇಟೆಗೆ ಹೋಗಿದ್ದೇವೆ. ಇಂಥವರು ಬರೆದ ಲೇಖನ ಅಂತ ತಿಳಿದುಕೊಂಡೇ ಮುಂದೆ ಓದಿ.

ಪತ್ತನಾಜೆಗೆ ಇನ್ನೊಂದು ವಾರ ಇತ್ತು. ಮೇಳಗಳು ಗೆಜ್ಜೆ ಬಿಚ್ಚುವ ಮುಂಚೆ ಒಂದು ಆಟ ನೋಡಿ ಬರೆಯೋಣ ಅಂತ ಘಟ್ಟ ಇಳಿದು ಹೋಗಿದ್ದೆವು. ವಾಪಸ್ ಬರುವಾಗ ಬೆಳಗಿನ ಜಾವ ಮೂರು ಗಂಟೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅರ್ಧ ಹತ್ತಿರಬಹುದು, ಹಿಂದೆ ಕೂತವನು "ಯಾರೋ ಪ್ಲಾಸ್ಟಿಕ್ ಸುಡ್ತಿದಾರೆ ಮಾರಾಯಾ" ಅಂದ. ಆ ಕಾಡಿನಲ್ಲಿ ಆ ಹೊತ್ತಿನಲ್ಲಿ ಯಾರು ಸುಡ್ತಾರೆ? ಮುಂದಿನ ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಸಂದಿಯಿಂದ ಹೊಗೆ ಬಂತು. ಗಾಡಿ ನಿಲ್ಲಿಸಿ, ಇಳಿದು, ಹತ್ತರ ಸ್ಪ್ಯಾನರ್ ಹುಡುಕಿ ಬ್ಯಾಟರಿಯ ಟರ್ಮಿನಲ್ ಕಿತ್ತೆವು. ಸ್ಪ್ಯಾನರ್ ಸೀಟಿನಡಿಯೇ ಇತ್ತು, ಅದು ನಮ್ಮ ಪುಣ್ಯ.

ಬೆಳಕು ಹರಿದ ಮೇಲೆ ನೋಡಿದರೆ ವಿಷಯ ಬಹಳ ಸಣ್ಣದು. ವೂಫರ್‌ನ ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರ ಒಂದು ದಪ್ಪ ವೈರ್ ಎಳೆದಿದ್ದರು. ಅದು ಹಾದು ಹೋಗುವ ತಗಡಿನ ತೂತಿಗೆ ರಬ್ಬರ್ ಬುಷ್ ಇರಲಿಲ್ಲ. ಗಾಡಿ ಅಲುಗಾಡಿದಂತೆಲ್ಲ ತಗಡಿನ ಅಂಚು ವೈರಿನ ಸಿಪ್ಪೆಯನ್ನು ಕೊರೆಯುತ್ತಾ ಬಂದು, ಕೊನೆಗೆ ತಾಮ್ರ ಬಾಡಿಗೆ ತಾಗಿದೆ. ಬ್ಯಾಟರಿ ಪಕ್ಕದಲ್ಲಿ ಒಂದು ಫ್ಯೂಸ್ ಇದ್ದಿದ್ದರೆ ಆ ಕ್ಷಣಕ್ಕೇ ಸುಟ್ಟು ಕರೆಂಟು ನಿಲ್ಲುತ್ತಿತ್ತು. ಫ್ಯೂಸ್ ಹಾಕಿರಲಿಲ್ಲ. ವೈರೇ ಫ್ಯೂಸಿನ ಕೆಲಸ ಮಾಡಿತು.

ಇದನ್ನು ಜೋಡಿಸಿಕೊಟ್ಟ ಅಂಗಡಿಯವರ ಹೆಸರು ಬರೆಯುವುದಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ. "ಬೇಗ ಮಾಡಿ ಕೊಡಿ ಅಣ್ಣ, ಸಂಜೆ ಮದುವೆ ಇದೆ" ಅಂತ ಅವರ ತಲೆ ಮೇಲೆ ನಿಂತಿದ್ದವರು ನಾವೇ. ಆದರೆ ಅವತ್ತಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಇದೇ ಓಮ್ನಿಯಲ್ಲಿ ಕಳೆದ ವರ್ಷ ಪಕ್ಕದ ಮನೆಯ ಅಕ್ಕನನ್ನು ಹೆರಿಗೆಗೆ ಕರೆದುಕೊಂಡು ಹೋಗಿದ್ದೇವೆ. ಎದೆನೋವು ಅಂದ ಅಜ್ಜಯ್ಯನನ್ನು ಮಲಗಿಸಿಕೊಂಡು ಹೋಗಿದ್ದೇವೆ. ಹಳ್ಳಿಯಲ್ಲಿ ಒಂದು ವ್ಯಾನು ಆರ್‌ಸಿಯಲ್ಲಿ ಹೆಸರಿದ್ದವನದ್ದು ಮಾತ್ರ ಆಗಿರುವುದಿಲ್ಲ, ಇಡೀ ಕೇರಿಯದ್ದು ಆಗಿರುತ್ತದೆ. ಅದರ ಡ್ಯಾಶ್‌ಬೋರ್ಡಿನ ಹಿಂದೆ ಏನಿದೆ ಅನ್ನುವುದೂ ಕೇರಿಯ ವಿಷಯವೇ.

ಇನ್ನು ಹೊಸ ಖಯಾಲಿಯ ಕಥೆಗೆ ಬರೋಣ. ಈಗ ಯಾರೂ ಬರೀ ಸ್ಟೀರಿಯೋ ಹಾಕಿಸುವುದಿಲ್ಲ, ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸುತ್ತಾರೆ. ಅಂದರೆ ಒಂದು ಟ್ಯಾಬ್ಲೆಟ್ ಕಂಪ್ಯೂಟರನ್ನೇ ಡ್ಯಾಶ್‌ಬೋರ್ಡಿಗೆ ಕೂರಿಸುವುದು. ಕಾರಣವೂ ಇದೆ. ಒಂದೇ ಕಾರಿನ ಕೆಳಗಿನ ಮಾಡೆಲ್‌ಗೂ ಮೇಲಿನ ಮಾಡೆಲ್‌ಗೂ ಲಕ್ಷ ರೂಪಾಯಿ, ಅದಕ್ಕೂ ಹೆಚ್ಚು ವ್ಯತ್ಯಾಸ ಇರುತ್ತದೆ. ಅಡಿಕೆ ರೇಟು ನೋಡಿಕೊಂಡು, ಸೊಸೈಟಿ ಸಾಲ ನೋಡಿಕೊಂಡು ಕೆಳಗಿನ ಮಾಡೆಲ್ ತೆಗೆದುಕೊಂಡವನಿಗೆ ಕಂಪನಿ ಸ್ಕ್ರೀನ್ ಇರಬೇಕಾದ ಜಾಗದಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಮುಚ್ಚಳ ಕೊಟ್ಟಿರುತ್ತಾರೆ. ದಿನಾ ಅದನ್ನು ನೋಡುತ್ತಾ ಕೂತವನಿಗೆ ಅಲ್ಲಿ ಏನಾದರೂ ಹಾಕಿಸಬೇಕು ಅನ್ನಿಸಿದರೆ ತಪ್ಪೇನಿದೆ? ಅದನ್ನು ಶೋಕಿ ಅಂತ ಆಡಿಕೊಳ್ಳುವವರ ಜೊತೆ ನಾವಿಲ್ಲ.

ಆ ತೂತಿನ ಅಳತೆಗೂ ಒಂದು ಚರಿತ್ರೆ ಇದೆ. ಸ್ಟೀರಿಯೋ ಅಂಗಡಿಗೆ ಹೋದರೆ "ಸಿಂಗಲ್ ಡಿನ್ನಾ, ಡಬಲ್ ಡಿನ್ನಾ?" ಅಂತ ಕೇಳುತ್ತಾರಲ್ಲ, ಆ ಡಿನ್ ಅನ್ನುವುದು ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಸಿಂಗಲ್ ಅಂದರೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಡಬಲ್ ಅಂದರೆ ಅದೇ ಅಗಲ, ಎತ್ತರ 100. ಆ ಒಂದು ಅಳತೆಯನ್ನು ಜಗತ್ತು ಒಪ್ಪಿಕೊಂಡಿದ್ದರಿಂದಲೇ ಎಲ್ಲೋ ತಯಾರಾದ ಸೆಟ್ಟು ನಮ್ಮ ಓಮ್ನಿಯ ತೂತಿಗೆ ಸರಿಯಾಗಿ ಕೂರುತ್ತದೆ. ಅದಕ್ಕೂ ಹಿಂದೆ, 1930ರಲ್ಲಿ, ಅಮೆರಿಕದ ಶಿಕಾಗೋದಲ್ಲಿ ಪಾಲ್ ಗ್ಯಾಲ್ವಿನ್ ಅನ್ನುವವರ ಕಂಪನಿ ಕಾರಿಗೆ ಜೋಡಿಸುವ ರೇಡಿಯೋ ಮಾರಾಟಕ್ಕೆ ತಂದಿತು. ಅದಕ್ಕೆ ಇಟ್ಟ ಹೆಸರೇ ಮೋಟೊರೋಲಾ. ಸಾಲ ಕೇಳಲು ಹೋದ ಬ್ಯಾಂಕಿನವರನ್ನು ಮೆಚ್ಚಿಸಲು ಅವರ ಕಾರಿಗೇ ರೇಡಿಯೋ ಕೂರಿಸಿದರಂತೆ, ಸ್ವಲ್ಪ ಹೊತ್ತಿಗೆ ಆ ಕಾರಿಗೆ ಬೆಂಕಿ ಹತ್ತಿತಂತೆ ಅಂತ ಒಂದು ಕಥೆ ಹೇಳುತ್ತಾರೆ. ಆಗುಂಬೆ ಘಾಟಿಯ ನಂತರ ಆ ಕಥೆ ಓದಿ ನಮಗೆ ಸ್ವಲ್ಪ ಸಮಾಧಾನ ಆಯಿತು.

ಈಗ ಅಂಗಡಿಯೊಳಗೆ ಏನು ನಡೆಯುತ್ತದೆ ನೋಡಿ. ಸ್ಟೀರಿಯೋದ ಹಿಂದೆ ಬಣ್ಣಬಣ್ಣದ ವೈರುಗಳಿರುತ್ತವೆ. ಸಾಮಾನ್ಯವಾಗಿ ಹಳದಿ ವೈರ್ ಬ್ಯಾಟರಿಯಿಂದ ಸದಾ ಬರುವ ಕರೆಂಟಿಗೆ, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಬರುವ ಕರೆಂಟಿಗೆ, ಕಪ್ಪು ಬಾಡಿ ಅರ್ಥಿಗೆ. ಸರಿಯಾದ ವಿಧಾನ ಅಂದರೆ ನಿಮ್ಮ ಕಾರಿಗೆ ಹೊಂದುವ ಕಪ್ಲರ್ ತಂದು, ಕಂಪನಿ ವೈರನ್ನು ಒಂದೂ ಕತ್ತರಿಸದೆ ಸಿಕ್ಕಿಸುವುದು. ಆ ಕಪ್ಲರಿಗೆ ಸ್ಕ್ರೀನಿನ ಬೆಲೆಯಲ್ಲಿ ಒಂದು ಮೂಲೆಯಷ್ಟೂ ಆಗುವುದಿಲ್ಲ. ಆದರೆ ಅದು ಸ್ಟಾಕ್ ಇಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕು, ಎರಡು ದಿನ ಆಗುತ್ತದೆ. ನಮಗೆ ತಾಳ್ಮೆ ಇಲ್ಲ. ಕಟ್ಟಿಂಗ್ ಪ್ಲೇಯರ್ ಹೊರಗೆ ಬರುತ್ತದೆ. ಕಚಕ್. ಹಲ್ಲಿನಲ್ಲಿ ಸಿಪ್ಪೆ ಸುಲಿದು, ತಿರುಚಿ, ಕಪ್ಪು ಟೇಪ್ ಸುತ್ತುತ್ತಾರೆ. ಮಲೆನಾಡಿನ ಒಂದು ಮಳೆಗಾಲಕ್ಕೆ ಆ ಟೇಪಿನ ಅಂಟು ಬಿಡುತ್ತದೆ. ಉಳಿದದ್ದನ್ನು ಇಲಿ ನೋಡಿಕೊಳ್ಳುತ್ತದೆ.

ಹೊಸ ಕಾರಾಗಿದ್ದರೆ ಇನ್ನೊಂದು ನಷ್ಟ. ವೈರ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ಭಾಗಕ್ಕೆ ವಾರಂಟಿ ಕೊಡಲು ಸರ್ವಿಸ್ ಸೆಂಟರಿನವರು ತಕರಾರು ಎತ್ತುತ್ತಾರೆ. ಬೆಂಕಿ ಹತ್ತಿದರೆ ಇನ್ಶೂರೆನ್ಸಿನವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಸ್ಟೀರಿಯೋ ಬದಲಾಯಿಸುವುದೇ ಅಪರಾಧ ಅಂತ ಹೆದರಿಸುವವರಿದ್ದಾರೆ, ಅದು ಸುಳ್ಳು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ತಾಳೆಯಾಗದಂತೆ ಬದಲಾಯಿಸುವುದನ್ನು. ಆರ್‌ಸಿಯಲ್ಲಿ ಸ್ಟೀರಿಯೋ ಬರುವುದಿಲ್ಲ.

ವೈರ್ ತಪ್ಪು ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಸುಲಭದ ಲೆಕ್ಕ. ಸಣ್ಣ ಕಾರುಗಳ ಬ್ಯಾಟರಿ ಹೆಚ್ಚಾಗಿ 35 ಆಂಪಿಯರ್ ಅವರ್‌ನದ್ದು. ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ತಿರುಚಿ ಸದಾ ಕರೆಂಟಿಗೆ ಕೊಟ್ಟರೆ ಸ್ಕ್ರೀನ್ ಪೂರ್ತಿ ಮಲಗುವುದೇ ಇಲ್ಲ. ಅದು ಕಾಲು ಆಂಪಿಯರ್ ಎಳೆದರೂ 140 ಗಂಟೆ, ಅಂದರೆ ಆರು ದಿನದೊಳಗೆ ಬ್ಯಾಟರಿ ಖಾಲಿ. ಸೆಲ್ಫ್ ಹೊಡೆಯಲಾರದ ಸ್ಥಿತಿ ಅದಕ್ಕೂ ಮೊದಲೇ ಬರುತ್ತದೆ. "ಬ್ಯಾಟರಿ ಸರಿ ಇಲ್ಲ, ಬದಲಾಯಿಸಿ" ಅಂತ ಬ್ಯಾಟರಿ ಅಂಗಡಿಯವರು ಹೇಳುತ್ತಾರೆ. ಹೊಸದು ಹಾಕಿಸುತ್ತೀರಿ. ಮತ್ತೆ ಅದೇ ಕಥೆ. ಎರಡು ಬ್ಯಾಟರಿ ಬದಲಾಯಿಸಿದ ಮೇಲೆ ತಪ್ಪು ವೈರಿನದ್ದು ಅಂತ ತಿಳಿದುಕೊಂಡವರೊಬ್ಬರು ನಮ್ಮ ಪಕ್ಕದೂರಿನಲ್ಲೇ ಇದ್ದಾರೆ.

ಡಬ್ಬದ ಮೇಲೆ ಬರೆದ ವಾಟ್ಸ್ ಬಗ್ಗೆಯೂ ಒಂದು ಮಾತು. ಕ್ಯಾಸೆಟ್ ಕಾಲದಲ್ಲಿ ಪಿಎಂಪಿಒ ಅಂತ ಸಾವಿರಗಟ್ಟಲೆ ಬರೆಯುತ್ತಿದ್ದರು, ಅಪ್ಪಂದಿರನ್ನು ಕೇಳಿ. ಈಗ ನಾಲ್ಕು ಇಂಟು ಐವತ್ತು, ಒಟ್ಟು 200 ವಾಟ್ಸ್ ಅಂತ ಬರೆಯುತ್ತಾರೆ. ಸೆಟ್ಟಿನ ಹಿಂದೆ ತಿರುಗಿಸಿ ಫ್ಯೂಸ್ ನೋಡಿ, ಎಷ್ಟೋ ಸೆಟ್‌ಗಳಲ್ಲಿ ಕೆಂಪು ಬಣ್ಣದ 10 ಆಂಪಿಯರ್‌ನದ್ದು ಇರುತ್ತದೆ. ಇಂಜಿನ್ ಓಡುವಾಗ ಕಾರಿನ ಕರೆಂಟು ಸುಮಾರು 14 ವೋಲ್ಟ್. ಹತ್ತನ್ನು ಹದಿನಾಲ್ಕರಿಂದ ಗುಣಿಸಿದರೆ 140. ಒಳಗೆ ಹೋಗುವುದೇ 140 ವಾಟ್ಸ್ ಆದರೆ ಹೊರಗೆ 200 ಎಲ್ಲಿಂದ ಬರುತ್ತದೆ? ಕೊಟ್ಟಿಗೆಗೆ ಹತ್ತು ಸೇರು ಹಿಂಡಿ ಹಾಕಿ ಇಪ್ಪತ್ತು ಸೇರು ಸಗಣಿ ಎತ್ತಿದ ಹಾಗೆ. ಕ್ಷಣಮಾತ್ರ ಬರುವ ಗರಿಷ್ಠವನ್ನು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ, ಅಷ್ಟೆ. ಫ್ಯೂಸ್ ಪದೇಪದೇ ಹೋಗುತ್ತದೆ ಅಂತ ಹತ್ತರ ಜಾಗಕ್ಕೆ ಹಸಿರು ಬಣ್ಣದ 30ರದ್ದು ಹಾಕುವವರನ್ನೂ ನೋಡಿದ್ದೇವೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರನ್ನೂ ನೋಡಿದ್ದೇವೆ. ಅವರ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ನಮ್ಮ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದು ವೈರಿನಲ್ಲಿದೆ. ವಿಡಿಯೋ ಬರುವ ಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಬ್ರೇಕ್ ಅಂತ ಬರೆದ ಒಂದು ತೆಳ್ಳನೆಯ ವೈರ್ ಕೊಟ್ಟಿರುತ್ತಾರೆ. ಅದನ್ನು ಹ್ಯಾಂಡ್‌ಬ್ರೇಕಿಗೆ ಜೋಡಿಸಬೇಕು. ಆಗ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಾಗ ಮಾತ್ರ ವಿಡಿಯೋ ಓಡುತ್ತದೆ. ನಾವು ವಿಚಾರಿಸಿದ ನಾಲ್ಕು ಅಂಗಡಿಗಳಲ್ಲೂ ಅದನ್ನು ನೇರ ಅರ್ಥಿಗೆ ಕೊಡುತ್ತಾರೆ. ಸೆಟ್ಟಿಗೆ ಸದಾ ಗಾಡಿ ನಿಂತೇ ಇದೆ ಅನ್ನುವ ಭ್ರಮೆ! ಒಬ್ಬರು ನೇರವಾಗಿ ಹೇಳಿದರು: "ಹಾಗೆ ಕೊಡದಿದ್ರೆ ಗಿರಾಕಿ ಮರುದಿನವೇ ವಾಪಸ್ ಬರ್ತಾರೆ, ಸೆಟ್ ಸರಿ ಇಲ್ಲ ಅಂತ ಜಗಳಕ್ಕೆ." ಅಂದರೆ ಕೇಳುತ್ತಿರುವವರು ನಾವು. ಅರವತ್ತರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ದಾಟುತ್ತದೆ. ಎರಡು ಸೆಕೆಂಡ್ ರೀಲ್ಸ್ ನೋಡಿ ತಲೆ ಎತ್ತುವಷ್ಟರಲ್ಲಿ ಮೂವತ್ತಮೂರು ಮೀಟರ್ ರಸ್ತೆ ಹಿಂದೆ ಹೋಗಿರುತ್ತದೆ. ನಮ್ಮ ಶಾಲೆಗಳ ಮುಂದಿನ ರಸ್ತೆ ಎಷ್ಟು ಉದ್ದ ಇದೆ ಅಂತ ಒಮ್ಮೆ ಅಳೆದು ನೋಡಿ.

ನಮ್ಮಲ್ಲೊಬ್ಬ ಬಾಗಲಕೋಟೆ ಕಡೆಯವನು. ಇದನ್ನೆಲ್ಲ ಚರ್ಚೆ ಮಾಡುವಾಗ ಅವನು ನಕ್ಕುಬಿಟ್ಟ. "ನಿಮ್ಮದೇನು ಸೌಂಡ್ ರೀ, ಕಬ್ಬಿನ ಸೀಸನ್ನಿನಾಗ ನಮ್ಮ ಕಡೆ ಬಂದ್ ನೋಡ್ರಿ" ಅಂದ. ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರಿಗೆ ಮದುವೆ ಮಂಟಪಕ್ಕೆ ಸಾಲುವಷ್ಟು ಸ್ಪೀಕರ್ ಕಟ್ಟಿರುತ್ತಾರೆ. ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ಡ್ರೈವರಿಗೆ ಕೇಳುವುದಿಲ್ಲ. ಸೌಂಡಿಗೆ ಅಷ್ಟು ದುಡ್ಡು ಹಾಕಿದ ಗಾಡಿಯ ಟ್ರೇಲರಿನ ಹಿಂದೆ ರಾತ್ರಿ ಹೊಳೆಯುವ ಒಂದು ರಿಫ್ಲೆಕ್ಟರ್ ಪಟ್ಟಿ ಇರುವುದಿಲ್ಲ. ರಾತ್ರಿಪಾಳಿ ಡ್ರೈವರಿಗೆ ನಿದ್ದೆ ಬಾರದಿರಲು ಹಾಡು ಬೇಕು, ಅದನ್ನೂ ಅವನೇ ಹೇಳಿದ. ಅವನ ಚಿಕ್ಕಪ್ಪ ಅದೇ ಕೆಲಸದಲ್ಲಿದ್ದವರು. ಹಾಗಾಗಿ ಹಾಡು ನಿಲ್ಲಿಸಿ ಅಂತ ನಾವು ಬರೆಯುವುದಿಲ್ಲ. ಪಟ್ಟಿ ಅಂಟಿಸಿ ಅಂತ ಬರೆಯುತ್ತೇವೆ.

ಸ್ಕ್ರೀನ್ ಹಾಕಿಸಲೇಬೇಕು ಅನ್ನುವವರಿಗೆ ನಮ್ಮದೊಂದು ಕೋರಿಕೆ ಇದೆ. ಮೊದಲು ರಿವರ್ಸ್ ಕ್ಯಾಮೆರಾಗೆ ದುಡ್ಡು ಇಡಿ. ನಮ್ಮ ಮನೆಗಳ ಅಂಗಳದಲ್ಲೇ ಅಡಿಕೆ ಒಣಗುತ್ತದೆ, ಅಲ್ಲೇ ಮಕ್ಕಳು ಆಡುತ್ತವೆ, ಅಲ್ಲೇ ಗಾಡಿ ರಿವರ್ಸ್ ಬರುತ್ತದೆ. ಎರಡು ವರ್ಷದ ಮಗು ಹಿಂದಿನ ಬಂಪರ್ ಕೆಳಗೆ ಕೂತಿದ್ದರೆ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸ್ಕ್ರೀನ್ ಇರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನಮಗೆ ಗೊತ್ತಿಲ್ಲ. ಉಳಿದದ್ದಕ್ಕೆಲ್ಲ ನೆಟ್‌ವರ್ಕ್ ಬೇಕು. ಮೂರು ಗುಡ್ಡ ದಾಟಿದರೆ ಒಂದು ಕಡ್ಡಿ ಸಿಗ್ನಲ್ ಬರುವ ಊರಿನಲ್ಲಿ ಆನ್‌ಲೈನ್ ಹಾಡು, ಆನ್‌ಲೈನ್ ಮ್ಯಾಪ್ ಅಂತ ನಂಬಿಕೊಂಡವರು ಕೊನೆಗೆ ಪೆನ್‌ಡ್ರೈವಿಗೇ ಬರುತ್ತಾರೆ.

ಪೆನ್‌ಡ್ರೈವ್ ಅಂದಾಗ ಒಂದು ಸಂಕಟ ಹೇಳಲೇಬೇಕು. ಕಡಿಮೆ ಬೆಲೆಯ ಸಾದಾ ಸ್ಟೀರಿಯೋಗಳಲ್ಲಿ ಕನ್ನಡ ಅಕ್ಷರವೇ ಇಲ್ಲ. ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆದು ಸೇವ್ ಮಾಡಿದರೆ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಹಾಗಾಗಿ ಹಾಡು ತುಂಬಿಸಿಕೊಡುವ ಅಂಗಡಿಯವರು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ನಲವತ್ತು ವರ್ಷ ಕ್ಯಾಸೆಟ್ಟಿನ ಕವರ್ ಮೇಲೆ ಪ್ರಸಂಗದ ಹೆಸರು, ಭಾಗವತರ ಹೆಸರು ಓದಿಕೊಂಡು ಟೇಪ್ ಹಾಕುತ್ತಿದ್ದ ಅಜ್ಜಯ್ಯ ಈಗ ಮೊಮ್ಮಗನನ್ನು ಕೂಗಬೇಕು. ನಮ್ಮೂರಲ್ಲಿ ಸ್ಟೀರಿಯೋವನ್ನು ಇವತ್ತಿಗೂ ಟೇಪು ಅಂತಲೇ ಕರೆಯುತ್ತಾರೆ. ಕ್ಯಾಸೆಟ್ ಹೋದರೂ ಆ ಪದ ಉಳಿದಿರುವುದಕ್ಕೆ ಬರೀ ಅಭ್ಯಾಸ ಕಾರಣ ಅಂತ ನಮಗೆ ಅನ್ನಿಸುವುದಿಲ್ಲ. ಆ ಟೇಪನ್ನು ಅವರು ತಾವೇ ಹಾಕಿಕೊಳ್ಳಬಹುದಿತ್ತು.

ಇದೇ ಕಾರಣಕ್ಕೆ ನಮ್ಮಲ್ಲೊಬ್ಬ ಒಂದು ಪ್ರಯೋಗ ಮಾಡಿದ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ರಾಸ್ಪ್‌ಬೆರಿ ಪೈ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡ್, ಏಳಿಂಚಿನ ಒಂದು ಟಚ್ ಸ್ಕ್ರೀನ್, ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸುವ ಕನ್ವರ್ಟರ್ ತಂದ. ಬೋರ್ಡಿನ ಉದ್ದಗಲ ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟೇ, ಆದರೆ ಪೂರ್ತಿ ಕಂಪ್ಯೂಟರ್. ಹಾಡಿನ ಹೆಸರು ದಪ್ಪ ಕನ್ನಡ ಅಕ್ಷರದಲ್ಲಿ ಬರಬೇಕು, ನಾವು ರೆಕಾರ್ಡ್ ಮಾಡಿಕೊಂಡ ಸಂದರ್ಶನ ಕೇಳಬೇಕು, ನೆಟ್‌ವರ್ಕ್ ಇಲ್ಲದೆ ಮ್ಯಾಪ್ ತೆರೆಯಬೇಕು ಅನ್ನುವುದು ಅವನ ಆಸೆ.

ಆಯಿತು. ಹಾಡಿನ ಪಟ್ಟಿ ಕನ್ನಡದಲ್ಲೇ ಬಂತು. ಕಷ್ಟಗಳೂ ಸಾಲುಗಟ್ಟಿ ಬಂದವು. ಸೆಲ್ಫ್ ಹೊಡೆದಾಗ ಬ್ಯಾಟರಿ ವೋಲ್ಟೇಜ್ ಒಮ್ಮೆ ಕುಸಿಯುತ್ತದೆ, ಕಂಪ್ಯೂಟರ್ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ಕೀಲಿ ತೆಗೆದ ತಕ್ಷಣ ಕರೆಂಟು ಹೋಗುತ್ತದೆ. ಕಂಪ್ಯೂಟರಿಗೆ ಹಾಗೆ ಹಠಾತ್ತನೆ ಆರಿಸಿದರೆ ಆಗುವುದಿಲ್ಲ, ಮೆಮೊರಿ ಕಾರ್ಡ್ ಕೆಡುತ್ತದೆ. ಎರಡು ಕಾರ್ಡ್ ಹೋದವು. ಬಿಸಿಲಲ್ಲಿ ನಿಲ್ಲಿಸಿದ ವ್ಯಾನಿನ ಡ್ಯಾಶ್‌ಬೋರ್ಡ್ ಒಳಗೆ ಬೋರ್ಡ್ ಕಾದು ನಿಧಾನವಾಗುತ್ತದೆ. ಅದಕ್ಕೆ ತನ್ನದೇ ಗಡಿಯಾರ ಇಲ್ಲದ್ದರಿಂದ ನೆಟ್ ಸಿಗದಿದ್ದರೆ ತಪ್ಪು ತಾರೀಕು ತೋರಿಸುತ್ತದೆ. ಕೀಲಿ ತೆಗೆದ ಮೇಲೂ ಒಂದು ನಿಮಿಷ ಕರೆಂಟು ಹಿಡಿದಿಟ್ಟು, ಕಂಪ್ಯೂಟರ್ ಸರಿಯಾಗಿ ಮುಚ್ಚಿದ ನಂತರ ಕಡಿಯುವ ಟೈಮರ್ ರಿಲೇ ಹಾಕಿದ ಮೇಲೆ ಕಾರ್ಡ್ ಕೆಡುವುದು ನಿಂತಿತು. ಆ ರಿಲೇ ವಿಷಯ ಹೇಳಿಕೊಟ್ಟದ್ದು ಇಂಟರ್‌ನೆಟ್ ಅಲ್ಲ, ತಾಲೂಕು ಕೇಂದ್ರದಲ್ಲಿ ಒಂದು ಶೀಟಿನ ಶೆಡ್ ಇಟ್ಟುಕೊಂಡಿರುವ ಹುಡುಗ.

ನಿಜವಾಗಿ ಈ ಲೇಖನ ಬರೆಯಲು ಕಾರಣ ಅವನೇ. ಹತ್ತನೇ ಕ್ಲಾಸ್ ಮುಗಿಸಿ ಒಂದು ಎಲೆಕ್ಟ್ರಿಕಲ್ ಶಾಪಿನಲ್ಲಿ ಆರು ವರ್ಷ ಟೀ ತಂದುಕೊಟ್ಟು ಕೆಲಸ ಕಲಿತವನು. ಮಲ್ಟಿಮೀಟರ್ ಇಲ್ಲದೆ ವೈರ್ ಮುಟ್ಟುವುದಿಲ್ಲ. ಹಳದಿ ಕವಚ ಇರುವ ಏರ್‌ಬ್ಯಾಗ್ ವೈರಿನ ಹತ್ತಿರ ಯಾರೂ ಕೈ ಹಾಕಲು ಬಿಡುವುದಿಲ್ಲ. ಆಂಪ್ಲಿಫೈಯರಿನ ಫ್ಯೂಸನ್ನು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಹಾಕುತ್ತಾನೆ. ನಮ್ಮ ಓಮ್ನಿಯ ಸುಟ್ಟ ವೈರ್ ಬಿಚ್ಚಿ ತೋರಿಸಿದಾಗ ಅವನು ಯಾರನ್ನೂ ಬೈಯಲಿಲ್ಲ. "ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಣ್ಣ, ನಂಗೂ ಯಾರೂ ಹೇಳಿಕೊಟ್ಟಿರ್ಲಿಲ್ಲ. ಒಂದು ಜೀಪ್ ಸುಟ್ಟ ಮೇಲೆ ಗೊತ್ತಾಯ್ತು" ಅಂದ.

ಅವನು ಕಲಿಯುವುದು ಹಿಂದಿ ವಿಡಿಯೋ ನೋಡಿ. ಸ್ಟೀರಿಯೋ ಜೊತೆ ಬರುವ ಪುಸ್ತಕ ಇಂಗ್ಲಿಷ್, ಚೀನೀ ಭಾಷೆಯದ್ದು. ಐಟಿಐಗಳಲ್ಲಿ ಆಟೋ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಅನ್ನುವ ಕೋರ್ಸ್ ಇದೆ, ಆದರೆ ಈಗಾಗಲೇ ಶೆಡ್ ಹಾಕಿಕೊಂಡು ಸಂಸಾರ ನಡೆಸುತ್ತಿರುವವನು ಅಂಗಡಿ ಮುಚ್ಚಿ ಕ್ಲಾಸಿಗೆ ಹೋಗಲಾರ. ಅಂಥವರಿಗೆ ಭಾನುವಾರಗಳಲ್ಲಿ, ಕನ್ನಡದಲ್ಲಿ, ನಾಲ್ಕು ದಿನದ ತರಬೇತಿ ಕೊಟ್ಟು ಒಂದು ಕಾಗದ ಕೊಡಲು ತಾಲೂಕಿನ ಐಟಿಐಗೆ ಎಷ್ಟು ಖರ್ಚಾದೀತು? ಹೊಲಿಗೆಗೆ, ಜೇನು ಸಾಕಾಣಿಕೆಗೆ, ಅಣಬೆಗೆ ತರಬೇತಿ ಶಿಬಿರ ನಡೆಯುತ್ತವೆ, ಒಳ್ಳೆಯದೇ. ನಮ್ಮೂರ ಪ್ರತಿ ಗಾಡಿಯ ಒಳಗೆ ಕೈ ಹಾಕುವವರಿಗೆ ಮಾತ್ರ ಯಾವ ಶಿಬಿರವೂ ಇಲ್ಲ. ಗ್ರಾಮ ಪಂಚಾಯಿತಿ ಸದಸ್ಯರು ಈ ಬ್ಲಾಗ್ ಓದುತ್ತಾರೆ ಅಂತ ನಮಗೆ ಗೊತ್ತು. ನಿಮ್ಮ ತಾಲೂಕಿನ ಐಟಿಐ ಪ್ರಾಚಾರ್ಯರಿಗೆ ಒಂದು ಪತ್ರ ಬರೆಯಿರಿ, ಬರೆದರೆ ನಮಗೂ ಒಂದು ಪ್ರತಿ ಕಳಿಸಿ.

ಅಲ್ಲಿಯವರೆಗೆ ಗಿರಾಕಿಗಳಾದ ನಾವು ಬಿಲ್ ಕೊಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಬಹುದು. ಕಪ್ಲರ್ ಹಾಕಿದ್ದೀರಾ, ಕತ್ತರಿಸಿದ್ದೀರಾ? ಫ್ಯೂಸ್ ಎಲ್ಲಿದೆ, ಎಷ್ಟರದ್ದು? ತಗಡಿನ ತೂತಿಗೆ ರಬ್ಬರ್ ಇದೆಯಾ? ಬ್ರೇಕ್ ವೈರ್ ಎಲ್ಲಿಗೆ ಕೊಟ್ಟಿದ್ದೀರಿ? ಕೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. ಶೆಡ್ಡಿನ ಹುಡುಗನಿಗೆ ಕೇಳಿದರೆ ಅವನು ಟಾರ್ಚ್ ಹಿಡಿದು ತೋರಿಸುತ್ತಾನೆ. ಕೂಲಿ ಇನ್ನೂರು ರೂಪಾಯಿ ಜಾಸ್ತಿ, ಸಂಜೆಯ ಮದುವೆಗೆ ಗಾಡಿ ಸಿಗುವುದಿಲ್ಲ.

ನಮ್ಮ ಓಮ್ನಿಯಲ್ಲಿ ಈಗ ವೂಫರ್ ಇಲ್ಲ, ಅದನ್ನು ತೆಗೆಸಿ ಆ ಜಾಗದಲ್ಲಿ ಬೆಂಕಿ ಆರಿಸುವ ಒಂದು ಕೆಜಿಯ ಸಿಲಿಂಡರ್ ಕಟ್ಟಿದ್ದೇವೆ. ಪೈ ಕಂಪ್ಯೂಟರ್ ಇನ್ನೂ ಇದೆ, ಮೂರು ಸಲಕ್ಕೆ ಎರಡು ಸಲ ಹತ್ತುತ್ತದೆ. ಮೊನ್ನೆ ಆಸ್ಪತ್ರೆಯಿಂದ ಅಜ್ಜಯ್ಯನನ್ನು ಕರೆದುಕೊಂಡು ಬರುವಾಗ ಅದು ಹತ್ತಿತ್ತು. ಅವರು ಕನ್ನಡಕ ಸರಿ ಮಾಡಿಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ತಾವೇ ಬೆರಳಿಟ್ಟು ಒಂದು ಪ್ರಸಂಗ ಹಾಕಿದರು. ಊರು ಬರುವವರೆಗೂ ಬದಲಾಯಿಸಲು ಬಿಡಲಿಲ್ಲ.